ಲಾಸ್ ವೇಗಸ್‌ನಲ್ಲಿ ಹದಿನಾಲ್ಕು ದಿನ

ರಾತ್ರಿ ವಿಮಾನದ ಕಿಟಕಿಯಿಂದ ನೋಡಿದರೆ ಮೊದಲು ಕಾಣುವುದು ಬರೀ ಕತ್ತಲೆ, ಒಂದು ಹಣತೆಯೂ ಇಲ್ಲದ ಮೊಹಾವಿ ಮರುಭೂಮಿ. ಆಮೇಲೆ ಇದ್ದಕ್ಕಿದ್ದಂತೆ, ಯಾರೋ ಬುಟ್ಟಿಗಟ್ಟಲೆ ಕೆಂಡ ಸುರುವಿದಂತೆ, ಲಾಸ್ ವೇಗಸ್! ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಮಳೆ ಬೀಳುವ ಈ ಊರಿನ ಹೆಸರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಹುಲ್ಲುಗಾವಲು’ ಎಂದು ಅರ್ಥ. ಒಂದು ಕಾಲಕ್ಕೆ ಇಲ್ಲಿ ನೀರಿನ ಬುಗ್ಗೆಗಳಿದ್ದವು. 1905ರಲ್ಲಿ ರೈಲ್ವೆ ಕಂಪನಿ ನಿವೇಶನಗಳನ್ನು ಹರಾಜು ಹಾಕಿದಾಗ ಊರು ಹುಟ್ಟಿತು. 1931ರಲ್ಲಿ ನೆವಾಡಾ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಸಮೀಪದಲ್ಲಿ ಹೂವರ್ ಅಣೆಕಟ್ಟಿನ ಕೆಲಸವೂ ಆರಂಭವಾಯಿತು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡದ ಮಕ್ಕಳು ಊರಿನಿಂದ ಬಂದ ಅಪ್ಪ-ಅಮ್ಮನನ್ನು ಇಲ್ಲಿಗೆ ಕರೆತರುವುದುಂಟು. ಎರಡು ದಿನ ದೀಪ ನೋಡಿ ಮರಳುವುದು ಸುಲಭ. ಎರಡು ವಾರ ಇರುವವರಿಗೆ ಮಾತ್ರ ಕಾಗದ, ಪೆನ್ಸಿಲು ಬೇಕು.

ಮೊದಲು ಕಾಲ. ಜುಲೈ-ಆಗಸ್ಟ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. 2024ರ ಜುಲೈನಲ್ಲಿ 48.9 ಡಿಗ್ರಿ ಮುಟ್ಟಿತ್ತು. ಮಾರ್ಚ್-ಏಪ್ರಿಲ್ ಅಥವಾ ಅಕ್ಟೋಬರ್-ನವೆಂಬರ್ ಹಿತಕರ.

ಎರಡನೆಯದು ಕೊಠಡಿ. ಶುಕ್ರವಾರ, ಶನಿವಾರ ರಾತ್ರಿ ಬಾಡಿಗೆ ಏರುತ್ತದೆ. ಜನವರಿಯ ಎಲೆಕ್ಟ್ರಾನಿಕ್ಸ್ ಮೇಳದಂಥ ಸಮಾವೇಶಗಳಿದ್ದರೆ ಇನ್ನೂ ಏರುತ್ತದೆ. ಹೆದ್ದಾರಿ ಬದಿಯ ದೊಡ್ಡ ಹೋಟೆಲುಗಳ ಸಾಲಿಗೆ ‘ಸ್ಟ್ರಿಪ್’ ಎಂದು ಹೆಸರು. ಅಲ್ಲಿನ ಹಲವು ಹೋಟೆಲುಗಳಲ್ಲಿ ಬಾಡಿಗೆಯ ಮೇಲೆ ದಿನಕ್ಕೆ 40 ಡಾಲರಿಗೂ ಹೆಚ್ಚಿನ ‘ರೆಸಾರ್ಟ್ ಶುಲ್ಕ’ ಬೀಳುತ್ತದೆ. ಹದಿನಾಲ್ಕು ರಾತ್ರಿಗೆ ಅದೊಂದೇ 560 ಡಾಲರ್ ದಾಟಿತು. ಇಂಥ ಕಡ್ಡಾಯ ಶುಲ್ಕವನ್ನು ಸೇರಿಸಿಯೇ ದರ ತೋರಿಸಬೇಕೆಂಬ ನಿಯಮ 2025ರ ಮೇ ತಿಂಗಳಿನಿಂದ ಅಮೆರಿಕದಲ್ಲಿ ಜಾರಿಯಾಗಿದೆ. ತೆರಿಗೆ ಮತ್ತೆ ಬೇರೆ. ಆದ್ದರಿಂದ ಸ್ಟ್ರಿಪ್‌ನಿಂದ ತುಸು ದೂರದಲ್ಲಿ ಅಡುಗೆಮನೆಯುಳ್ಳ ವಾಸದ ಹೋಟೆಲು ಹಿಡಿಯುವುದು ಜಾಣತನ. ಬೆಳಿಗ್ಗೆ ಉಪ್ಪಿಟ್ಟು ಕೆದಕಿಕೊಂಡವರಿಗೆ ಹೋಟೆಲಿನ ಬಿಲ್ಲು ಉಳಿಯಿತು. ಅದರ ಮೇಲೆ ಕೊಡಲೇಬೇಕಾದ ನೂರಕ್ಕೆ 15-20ರ ಭಕ್ಷೀಸೂ ಉಳಿಯಿತು.

ಮೂರನೆಯದೇ ಆಟ. 21 ವರ್ಷ ತುಂಬಿದ ಯಾರೂ ಆಡಬಹುದು. ಇಲ್ಲಿನ ಸಾಮಾನ್ಯ ರೂಲೆಟ್ ಚಕ್ರದಲ್ಲಿ 1ರಿಂದ 36ರವರೆಗಿನ ಮನೆಗಳ ಜೊತೆಗೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ, ಒಟ್ಟು 38. ಒಂದು ಸಂಖ್ಯೆಯ ಮೇಲೆ ಒಂದು ಡಾಲರ್ ಕಟ್ಟಿ ಗೆದ್ದವನಿಗೆ 35 ಡಾಲರ್ ಲಾಭ. ನ್ಯಾಯವಾಗಿ 37 ಸಿಗಬೇಕಿತ್ತು. ಆ ವ್ಯತ್ಯಾಸವೇ ಕ್ಯಾಸಿನೊದ ಅನ್ನ. ಲೆಕ್ಕ ಮಾಡಿದರೆ ಕಟ್ಟಿದ ಹಣದಲ್ಲಿ ಸರಾಸರಿ ನೂರಕ್ಕೆ 5.26 ಭಾಗ ಮನೆಯವನಿಗೆ. ಸ್ಟ್ರಿಪ್‌ನ ಹಲವು ಮೇಜುಗಳಲ್ಲಿ ಈಚೆಗೆ ಮೂರನೆಯ ಸೊನ್ನೆಯೂ ಸೇರಿಕೊಂಡಿದೆ. ಅಲ್ಲಿ ಈ ಪಾಲು 7.69.

ಗಂಟೆಗೆ 40 ಸುತ್ತು, ಸುತ್ತಿಗೆ 10 ಡಾಲರ್ ಎಂದು ಹಿಡಿದರೆ ಗಂಟೆಗೆ ಸುಮಾರು 21 ಡಾಲರ್ ನಷ್ಟ. ದಿನಕ್ಕೆ ಎರಡು ಗಂಟೆಯಂತೆ ಹದಿನಾಲ್ಕು ದಿನಕ್ಕೆ ಸುಮಾರು 590 ಡಾಲರ್! ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ತಲೆ ಬಿದ್ದೀತು. ಹತ್ತು ಸಾವಿರ ಸಲ ಚಿಮ್ಮಿದರೆ ಏಳು ಸಾವಿರ ಸಲ ಬೀಳದು. ಹಾಗೆಯೇ ಒಂದು ಸಂಜೆ ಆಡಿದವನು ಗೆದ್ದು ಎದ್ದಾನು. ಎರಡು ವಾರ ಕುಳಿತವನನ್ನು ಸರಾಸರಿ ಹುಡುಕಿಕೊಂಡು ಬರುತ್ತದೆ. ಧರ್ಮರಾಯನನ್ನು ಕೆಡಿಸಿದ್ದೂ ‘ಇನ್ನೊಂದೇ ಆಟ’ ಎಂಬ ಮಾತೇ ಅಲ್ಲವೆ? ಆಟದ ಹಣವನ್ನು ಸಿನಿಮಾ ಟಿಕೆಟ್ಟಿನಂತೆ ಹೋದ ಹಣವೆಂದೇ ಬರೆದು, ಬೇರೆ ಲಕೋಟೆಯಲ್ಲಿಟ್ಟು, ಅದು ಖಾಲಿಯಾದಾಗ ಏಳುವುದೇ ಕ್ಷೇಮ. ವಾಪಸು ಪ್ರಯಾಣದ ದುಡ್ಡು, ಔಷಧಿಯ ದುಡ್ಡು ಆ ಲಕೋಟೆಯ ಹತ್ತಿರವೂ ಸುಳಿಯಬಾರದು.

ಉಳಿದ ಹೊತ್ತು ಕಳೆಯುವುದು ಹೇಗೆ? ಬೆಲಾಜಿಯೋ ಹೋಟೆಲಿನ ಮುಂದೆ ಸಂಗೀತಕ್ಕೆ ಕುಣಿಯುವ ಕಾರಂಜಿ ನೋಡಲು ಕಾಸು ಬೇಡ. ಸುಮಾರು 30 ಕಿಲೋಮೀಟರ್ ದೂರದ ರೆಡ್ ರಾಕ್ ಕಣಿವೆಯಲ್ಲಿ ಬೆಳಗಿನ ಬಿಸಿಲಿಗೆ ಕೆಂಪು ಬಂಡೆಗಳು ಹೊಳೆಯುತ್ತವೆ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚು ಸುಮಾರು 450 ಕಿಲೋಮೀಟರ್. ಅಲ್ಲಿ ಒಂದು ರಾತ್ರಿ ತಂಗುವುದೇ ಮೇಲು. ಕಾರಿನಲ್ಲಿ ನೀರಿನ ಕ್ಯಾನುಗಳಿರಲಿ.

221 ಮೀಟರ್ ಎತ್ತರದ ಹೂವರ್ ಅಣೆಕಟ್ಟನ್ನು ತಪ್ಪಿಸಬಾರದು. ನಗರದ ನೀರಿನ ಬಹುಪಾಲು ಅದರ ಹಿಂದಿನ ಮೀಡ್ ಸರೋವರದ್ದೇ. ಮನೆ, ಹೋಟೆಲುಗಳ ಒಳಗೆ ಬಳಸಿ ಚರಂಡಿಗೆ ಬಿಟ್ಟ ನೀರನ್ನು ಶುದ್ಧಿ ಮಾಡಿ ಬಹುತೇಕ ಮತ್ತೆ ಆ ಸರೋವರಕ್ಕೇ ಸೇರಿಸುತ್ತಾರೆ. ಇಷ್ಟಾದರೂ, ಹಲವು ರಾಜ್ಯಗಳು ಹಂಚಿಕೊಳ್ಳುವ ಕೊಲರಾಡೊ ನದಿಗೆ ಬರುವ ನೀರಿಗಿಂತ ತೆಗೆಯುವ ನೀರೇ ಹೆಚ್ಚಾಗಿ, 2022ರಲ್ಲಿ ಸರೋವರ ಮೊದಲು ತುಂಬಿದ ಕಾಲದಿಂದೀಚೆಗಿನ ಅತಿ ಕೆಳಮಟ್ಟಕ್ಕೆ ಇಳಿಯಿತು. ಹಿಂದೆ ನೀರು ನಿಂತಿದ್ದ ಎತ್ತರವನ್ನು ಬಂಡೆಗಳ ಮೇಲಿನ ಅಗಲವಾದ ಬಿಳಿ ಪಟ್ಟೆ ಇಂದಿಗೂ ತೋರಿಸುತ್ತದೆ. ಪ್ರವಾಸಿಗ ಅದನ್ನು ಮೊದಲ ವಾರದಲ್ಲೇ ನೋಡಿ ಬರುವುದು ಒಳ್ಳೆಯದು. ಆಮೇಲೆ ಲಕೋಟೆಯನ್ನು ಬಿಚ್ಚುವ ಕೈ ಸ್ವಲ್ಪ ತಡೆದೀತು.