ಡಿಕ್ರಿ ಕಾಗದ ಹುಡುಕಿಕೊಂಡು ಕೋರ್ಟಿಗೆ ಹೋದೆವು

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಲಗ್ನ ಮುರಿದರೆ ಊರಿಗೆಲ್ಲ ಗೊತ್ತಿರುತ್ತದೆ. ಯಾರದು ತಪ್ಪು, ಯಾರು ಎಷ್ಟು ಬಂಗಾರ ತಿರುಗಿ ಕೊಟ್ಟರು, ಹಿರಿಯರು ಯಾರ ಪರ ಮಾತಾಡಿದರು, ಎಲ್ಲ ಗೊತ್ತು. ಅದರ ಕಾಗದ ಎಲ್ಲಿದೆ ಎಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ. 'ವಕೀಲರ ಕಡೆ ಇರಬೇಕ್ರಿ' ಅನ್ನುತ್ತಾರೆ. ಹದಿನೈದು ವರ್ಷವಾದ ಮೇಲೆ ಆ ವಕೀಲರೇ ಇರುವುದಿಲ್ಲ.

ನಾವು ಒಬ್ಬ ಅಕ್ಕನ ಜೊತೆ ಈ ಕಾಗದ ಹುಡುಕಲು ಹೋಗಿದ್ದೆವು. ಹೊಲಿಗೆ ಕೆಲಸ ಮಾಡುವ ಅವರಿಗೆ ಈಗ ನಲವತ್ತೈದು. ಮದುವೆಯಾಗದವರಿಗೂ ವಿಚ್ಛೇದಿತರಿಗೂ 40ರಿಂದ 64 ವರ್ಷದವರೆಗೆ ಸಿಗುವ ಮನಸ್ವಿನಿ ಪಿಂಚಣಿಗೆ ಅರ್ಜಿ ಹಾಕಿದ್ದರು. ಕಚೇರಿಯಲ್ಲಿ, 'ನೀವು ಹೇಳಿದರೆ ಆಗಲ್ಲಮ್ಮ, ಕೋರ್ಟಿನ ಡಿಕ್ರಿ ತಗೊಂಡು ಬರ್ರಿ' ಅಂದರು. ಅಕ್ಕನ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ. ಕೇಸು ಹಾಕಿದ್ದು ಗಂಡ. ನಾಲ್ಕೈದು ತಾರೀಖಿಗೆ ಹೋಗಿ, ಬಸ್ ಚಾರ್ಜಿಗೆ ದುಡ್ಡಿಲ್ಲದೆ ಅಕ್ಕ ಹೋಗುವುದನ್ನೇ ಬಿಟ್ಟಿದ್ದರು. 'ಬಿಡುಗಡೆ ಆತಂತ' ಎಂದು ಯಾರೋ ಸಂತೆಯಲ್ಲಿ ಹೇಳಿದ್ದೇ ಅವರಿಗೆ ಸಿಕ್ಕ ತೀರ್ಪು.

ಹಾಗೆ ಆಗಬೇಕಾಗಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಲ್ಲಿ ಒಂದು ಸಣ್ಣ ಉಪಕಲಮು ಇದೆ, ನಾಲ್ಕನೆಯದು. ವಿಚ್ಛೇದನದ ಡಿಕ್ರಿ ಆದರೆ ಅದರ ಒಂದು ಪ್ರತಿಯನ್ನು ಇಬ್ಬರಿಗೂ ಕೋರ್ಟು ಪುಕ್ಕಟೆ ಕೊಡಬೇಕು. ಗೆದ್ದವರಿಗೆ ಮಾತ್ರವಲ್ಲ, ಇಬ್ಬರಿಗೂ. ನಾವು ಮಾತಾಡಿಸಿದ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಈಗ ಯಾರದಾದರೂ ಕೇಸು ನಡೆಯುತ್ತಿದ್ದರೆ, ತೀರ್ಪಿನ ದಿನವೇ ವಕೀಲರಿಗೆ ಇದನ್ನು ನೆನಪಿಸಿ.

ಹಳೆಯ ಕೇಸು ಹುಡುಕಬೇಕಾದರೆ ಮೊದಲು ಯಾವ ಕೋರ್ಟು ಎಂದು ತಿಳಿಯಬೇಕು. ಲಗ್ನವಾದ ಊರು, ಕೊನೆಗೆ ಇಬ್ಬರೂ ಕೂಡಿ ಬಾಳಿದ ಊರು, ಎದುರು ಪಾರ್ಟಿ ಇರುವ ಊರು, ಹೆಂಡತಿಯೇ ಕೇಸು ಹಾಕಿದ್ದರೆ ಆಕೆ ಇರುವ ಊರು: ಇವುಗಳಲ್ಲಿ ಒಂದು ಸೇರಿದ ಕೋರ್ಟಿನಲ್ಲಿ ಅದು ಇರುತ್ತದೆ. ಕೌಟುಂಬಿಕ ನ್ಯಾಯಾಲಯ ಇರುವ ಪಟ್ಟಣವಾದರೆ ಅಲ್ಲಿ, ಇಲ್ಲದ ಕಡೆ ಸಾಮಾನ್ಯವಾಗಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ. ನಮ್ಮಲ್ಲಿ ಇಂಥ ಕೇಸುಗಳಿಗೆ 'ಎಂ.ಸಿ.' ಎಂದು ನಂಬರು ಕೊಡುತ್ತಾರೆ.

ನಂಬರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಕ್ಕನಿಗೆ ನೆನಪಿದ್ದದ್ದು ಇಷ್ಟು: 'ಹೊಳಿ ಬಂದು ಊರು ಮುಳುಗಿತ್ತಲ್ರೀ, ಅದರ ಮುಂದಿನ ಬನಶಂಕರಿ ಜಾತ್ರಿ ಮುಗಿದು ಅಂಗಡಿ ಕೀಳಾಕತ್ತಿದ್ರು, ಆವಾಗ.' ಮಲಪ್ರಭೆ ಉಕ್ಕಿದ್ದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಅಂದಮೇಲೆ ತೀರ್ಪು 2010ರ ಆರಂಭದ್ದು. ಆದರೆ ಕೇಸಿನ ನಂಬರಿನ ಮುಂದೆ ಬರುವುದು ತೀರ್ಪಿನ ವರ್ಷವಲ್ಲ, ಕೇಸು ದಾಖಲಾದ ವರ್ಷ. ನೋಟಿಸು ಬಂದಾಗ ಮಗಳು ಒಂದನೇ ಇಯತ್ತೆಗೆ ಹೋಗುತ್ತಿದ್ದಳಂತೆ. ಮಗಳ ಶಾಲೆಯ ದಾಖಲೆ ತೆಗೆಸಿ ನೋಡಿದರೆ, 2008.

ಆಮೇಲೆ ಫೋನು. ಇ-ಕೋರ್ಟ್ಸ್ ಆ್ಯಪ್ ಪುಕ್ಕಟೆ ಸಿಗುತ್ತದೆ. ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ, ಪಾರ್ಟಿಯ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಮುಗಿದ ಕೇಸು ಎಂಬ ಆಯ್ಕೆಯನ್ನು ಒತ್ತಲು ಮರೆಯಬೇಡಿ. ಕಷ್ಟ ಬರುವುದು ಹೆಸರಿನ ಸ್ಪೆಲಿಂಗಿನಲ್ಲಿ. ಈರಪ್ಪ ಎಂಬ ಹೆಸರನ್ನು ಒಬ್ಬ ಟೈಪಿಸ್ಟ್ 'ಐ' ಅಕ್ಷರದಿಂದ ಬರೆದರೆ ಇನ್ನೊಬ್ಬರು ಎರಡು 'ಇ' ಹಾಕುತ್ತಾರೆ, ಮೂರನೆಯವರು ವೀರಪ್ಪನೆಂದೇ ಬರೆದು ಮುಗಿಸುತ್ತಾರೆ. ಬಸವ್ವ ಬಸಮ್ಮ ಆಗಿರುತ್ತಾಳೆ. ನಮಗೆ ನಾಲ್ಕನೇ ಸ್ಪೆಲಿಂಗಿಗೆ ಸಿಕ್ಕಿತು, ಅದೂ ಗಂಡನ ಹೆಸರಿನಲ್ಲಿ. ಪರದೆಯ ಮೇಲೆ ತಮ್ಮ ಹೆಸರನ್ನು ನೋಡಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಖರೇನ ಆಗೇತಲ್ಲ' ಅಂದರು. ಹದಿನೈದು ವರ್ಷ ಅವರಿಗೆ ಆ ಅನುಮಾನ ಇತ್ತೆಂದು ನಮಗೆ ಆಗಲೇ ಗೊತ್ತಾದದ್ದು.

ಆ್ಯಪಿನಲ್ಲಿ ಕಂಡದ್ದರ ಪ್ರಿಂಟು ತೆಗೆದುಕೊಂಡು ಹೋದರೆ ಕಚೇರಿಗಳಲ್ಲಿ ನಡೆಯುವುದಿಲ್ಲ. ಬೇಕಾದದ್ದು ಕೋರ್ಟಿನ ದೃಢೀಕೃತ ನಕಲು, ಎಲ್ಲರ ಬಾಯಲ್ಲಿ ಸರ್ಟಿಫೈಡ್ ಕಾಪಿ. ಅದಕ್ಕೆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಡಬೇಕು. ಕೇಸಿನ ನಂಬರು, ಇಬ್ಬರ ಹೆಸರು, ತೀರ್ಪಿನ ತಾರೀಖು ಬರೆದು ಕೋರ್ಟ್ ಫೀ ಸ್ಟಾಂಪು ಹಚ್ಚಬೇಕು. ನಕಲಿಗೆ ಪುಟದ ಲೆಕ್ಕದಲ್ಲಿ ದುಡ್ಡು. ತೀರ್ಪು ಬೇರೆ, ಡಿಕ್ರಿ ಬೇರೆ ಎಂಬುದು ನೆನಪಿರಲಿ. ತೀರ್ಪಿನಲ್ಲಿ ಜಗಳದ ಕಥೆಯೆಲ್ಲ ಇರುತ್ತದೆ. ಡಿಕ್ರಿ ಚಿಕ್ಕದು, ಲಗ್ನ ರದ್ದಾಯಿತು ಎಂದಷ್ಟೇ ಹೇಳುತ್ತದೆ. ಕಚೇರಿಗಳಿಗೆ ಡಿಕ್ರಿ ಸಾಕು. ಮನೆಯ ಮಾತು ಹತ್ತು ಟೇಬಲ್ಲು ತಿರುಗುವುದು ಬೇಡವೆನ್ನುವವರು ಅದನ್ನಷ್ಟೇ ಕೊಡಲಿ.

ಅಕ್ಕನಿಗೆ ಮೊದಲ ದಿನ 'ಹಳೇ ಫೈಲು, ರೆಕಾರ್ಡ್ ರೂಮಿನಿಂದ ಬರಬೇಕು, ಮುಂದಿನ ವಾರ ಬರ್ರಿ' ಅಂದರು. ಮುಂದಿನ ವಾರವೂ ಅದೇ ಮಾತು. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿಗೆ ಹೋದೆವು. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ, ವರಮಾನ ಎಷ್ಟೇ ಇರಲಿ. 15100ಕ್ಕೆ ಫೋನೂ ಮಾಡಬಹುದು. ಅಲ್ಲಿನ ವಕೀಲರು ಜೊತೆಗೆ ಬಂದ ಮೇಲೆ ಫೈಲು ಸಿಕ್ಕಿತು. ಯಾಕೆ ಮೊದಲೇ ಸಿಗಲಿಲ್ಲ ಎಂದು ನಾವು ಕೇಳಲಿಲ್ಲ. ಅಕ್ಕ ಕೇಳಿದರು, ಉತ್ತರ ಬರಲಿಲ್ಲ. ಮೂರು ನಕಲು ತೆಗೆಸಿ, ಹೊಲಿಗೆ ಗಿರಾಕಿಗಳ ಅಳತೆ ಬುಕ್ಕಿನೊಳಗೆ ಇಟ್ಟುಕೊಂಡು ಬಂದರು. ಪಿಂಚಣಿ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ.

ಇದನ್ನೆಲ್ಲ ಕೇಳಿದ ನಮ್ಮೂರಿನ ಹುಡುಗರು, 'ಆರ್‌ಟಿಐ ಹಾಕಿದ್ರ ಆಗತಿತ್ತಲ್ಲ' ಅಂದರು. ಆಗುವುದಿಲ್ಲ. ಕೋರ್ಟಿನ ಕೇಸಿನ ಕಾಗದಗಳ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು, ಮಾಹಿತಿ ಹಕ್ಕಿನಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಹೇಳಿದೆ.

ಇನ್ನೊಬ್ಬರ ಡಿಕ್ರಿ ನೋಡಬೇಕು ಎನ್ನುವವರೂ ಇದ್ದಾರೆ. ಮಗಳಿಗೆ ನೋಡಿದ ವರ 'ನಂದು ಡೈವೋರ್ಸ್ ಆಗೇತಿ' ಅನ್ನುತ್ತಾನೆ, ನಂಬುವುದು ಹೇಗೆ? ಕೇಸಿಗೆ ಸಂಬಂಧವಿಲ್ಲದವರು ನಕಲು ಕೇಳಿದರೆ ಯಾಕೆ ಬೇಕೆಂದು ಕೋರ್ಟಿಗೆ ಕಾರಣ ತೋರಿಸಬೇಕು. ಗಂಡ ಹೆಂಡತಿಯ ಕೇಸು ಮುಚ್ಚಿದ ಬಾಗಿಲ ಹಿಂದೆ ನಡೆಯುವಂಥದ್ದು, ಹಾಗಾಗಿ ಈ ಬಿಗಿ ಸರಿಯೇ ಎಂದು ನಮಗನಿಸುತ್ತದೆ. ಸುಲಭದ ದಾರಿ ವರನನ್ನೇ ಕೇಳುವುದು. ದೃಢೀಕೃತ ನಕಲು ತರಲಿ. ಅದರಲ್ಲಿರುವ ಕೇಸಿನ ನಂಬರನ್ನೋ, ಕೆಎ ಎಂದು ಶುರುವಾಗುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಅನ್ನೋ ಆ್ಯಪಿನಲ್ಲಿ ಹಾಕಿ ನೋಡಿ. 'ಮನ್ಯಾಗ ಎಲ್ಲೋ ಐತಿ' ಎಂದು ಲಗ್ನದ ತಾರೀಖಿನವರೆಗೂ ತಳ್ಳಿದರೆ ಅಲ್ಲಿಗೇ ನಿಲ್ಲಿಸಿ. ಮೊದಲ ಲಗ್ನ ಮುರಿಯದೆ ಆದ ಎರಡನೇ ಲಗ್ನ ಊರ್ಜಿತವಲ್ಲ. ಹಾಗೆ ಲಗ್ನವಾದವನಿಗೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಆ ಏಳು ವರ್ಷದಲ್ಲಿ ಮಗಳಿಗೆ ಸಿಗುವುದೇನು?

ಎಷ್ಟು ಹುಡುಕಿದರೂ ಸಿಗದ ಕೇಸುಗಳಿವೆ, ಯಾಕೆಂದರೆ ಕೇಸೇ ಇರುವುದಿಲ್ಲ. ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆಸಿದ ಸೋಡಚೀಟಿ ಮಾತ್ರ ಇರುತ್ತದೆ. ನೋಟರಿ ಸೀಲು ಬಿದ್ದರೂ ಅದು ಡಿಕ್ರಿ ಅಲ್ಲ. ಕೆಲವು ಸಮುದಾಯಗಳ ಹಳೆಯ ರೂಢಿಯ ಬಿಡುಗಡೆಯನ್ನು ಕಾಯ್ದೆಯ 29ನೇ ಕಲಮು ಉಳಿಸಿದೆ, ಆದರೆ ಆ ರೂಢಿ ಇತ್ತೆಂದು ಸಾಕ್ಷಿ ಕೊಟ್ಟು ಸಾಬೀತು ಮಾಡಬೇಕು. ಅದಕ್ಕಿಂತ ಹಗುರ, ಇಬ್ಬರೂ ಒಪ್ಪಿದರೆ 13-ಬಿ ಕಲಮಿನಲ್ಲಿ ಕೂಡಿ ಅರ್ಜಿ ಹಾಕುವುದು. ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಸಂದರ್ಭ ನೋಡಿ ಕೋರ್ಟು ಆ ಕಾಯುವಿಕೆಯನ್ನು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಟ್ರಂಕಿನಲ್ಲಿ ಸೋಡಚೀಟಿ ಇಟ್ಟುಕೊಂಡವರು, ಆ ಕಡೆಯವರು ಒಪ್ಪಿ ಬರುವ ಮನಸ್ಸಿನಲ್ಲಿ ಇರುವಾಗಲೇ ಹೋಗಿ ಬನ್ನಿ.