ಫೋಟೋದಾಗ ಹತ್ತಿರ, ನಿಜದಾಗ ದೂರ

ಎರಡು ವರ್ಷದ ಹಿಂದಿನ ಮಳೆಗಾಲ. ನಮ್ಮ ವಾಟ್ಸಾಪಿಗೆ ಒಂದು ಫೋಟೋ ಬಂತು. ತುಂಬಿದ ಕೆರೆ, ಅದರ ನೀರಿಗೆ ಅಂಟಿಕೊಂಡಂತೆ ಸಾಲು ಮನೆಗಳು. ಹುಬ್ಬಳ್ಳಿಯಿಂದ ಆ ಊರಿಗೆ ಹೋಗಿಬರಲು ಅರ್ಧ ದಿನ ಬೇಕು. ಸುದ್ದಿ ಕಳಿಸುವ ಹೊತ್ತು ಮೀರುತ್ತಿತ್ತು. ನಾವು ಹೋಗಲಿಲ್ಲ. ‘ಮನೆ ಬಾಗಿಲಿಗೆ ಕೆರೆ ನೀರು’ ಎಂದು ಬರೆದು ಕಳಿಸಿಬಿಟ್ಟೆವು.

ಮರುದಿನ ಆ ಊರಿನ ಅಜ್ಜಿಯೊಬ್ಬರ ಫೋನು. ಅವರ ಮೊಮ್ಮಗಳ ಕುಬಸ ಇತ್ತು. ಸುದ್ದಿ ಓದಿದ ಬೀಗರು ಅರ್ಧ ದಾರಿಯಿಂದ ವಾಪಸ್ ಹೋಗಿದ್ದರು. ಮಾಡಿದ ಅಡುಗೆಯೆಲ್ಲ ಹಾಗೇ ಉಳಿದಿತ್ತು.

“ಯಪ್ಪಾ, ಕೆರಿ ಎಲ್ಲೈತಿ, ನಮ್ಮ ಮನಿ ಎಲ್ಲೈತಿ? ನೀ ಬಂದು ನೋಡಿದ್ದೇನು?”

ಆಮೇಲೆ ಹೋಗಿ ನೋಡಿದೆವು. ಕೆರೆಗೂ ಮನೆಗಳಿಗೂ ನಡುವೆ ಎರಡು ಹೊಲ ಇದ್ದವು. ಯಾರೋ ಆಚೆ ದಂಡೆಯಲ್ಲಿ ನಿಂತು ಜೂಮ್ ಮಾಡಿ ಫೋಟೋ ತೆಗೆದಿದ್ದರು. ಹಾಗೆ ತೆಗೆದರೆ ಹಿಂದಿನದು ಮುಂದಿನದಕ್ಕೆ ಬಂದು ಕೂಡುತ್ತದೆ, ನಡುವಿನ ಹೊಲ ಗೆರೆಯಷ್ಟೂ ಕಾಣುವುದಿಲ್ಲ. ತಿದ್ದುಪಡಿ ಕಳಿಸಿದೆವು. ಆದರೆ ತಪ್ಪಿಹೋದ ಕುಬಸದ ದಿನ ತಿರುಗಿ ಬರಲಿಲ್ಲ.

ಈ ಮಾತು ಮತ್ತೆ ನೆನಪಾಗಿದ್ದು ಮೊನ್ನೆ ಧಾರವಾಡದಲ್ಲಿ. ಅಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನಮ್ಮೂರ ಹುಡುಗನೊಬ್ಬ ತನ್ನ ಲ್ಯಾಪ್‌ಟಾಪ್ ತೆರೆದು ತೋರಿಸಿದ. ತೆರೆಯ ಮೇಲೆ ಎರಡು ಗ್ಯಾಲಕ್ಸಿಗಳು. ಗ್ಯಾಲಕ್ಸಿ ಅಂದರೆ ಕೋಟಿ ಕೋಟಿ ನಕ್ಷತ್ರಗಳ ಗುಂಪು. ಬೇಸಿಗೆಯ ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಕಾಣುವ ಹಾಲಿನಂಥ ಪಟ್ಟಿ ಇದೆಯಲ್ಲ, ಅದು ನಾವಿರುವ ಗ್ಯಾಲಕ್ಸಿ, ಆಕಾಶಗಂಗೆ. ಇಂಥ ಎರಡು ಗ್ಯಾಲಕ್ಸಿಗಳು ಒಂದನ್ನೊಂದು ಸೆಳೆದು ಕೊನೆಗೆ ಒಂದೇ ಆಗುವುದುಂಟು. ಅದಕ್ಕೆ ಹತ್ತಾರು ಕೋಟಿ ವರ್ಷ ಹಿಡಿಯುತ್ತದೆ. ಮೊದಲಿನಿಂದ ಕೊನೆತನಕ ಯಾರೂ ಕಣ್ಣಾರೆ ಕಂಡಿಲ್ಲ. ನಮಗೆ ಸಿಗುವುದು ಒಂದು ಫೋಟೋ ಮಾತ್ರ.

ಆ ಹುಡುಗ ಕಂಪ್ಯೂಟರಿಗೆ ಕಲಿಸುತ್ತಿರುವುದು ಆ ಫೋಟೋ ನೋಡಿ ‘ಇವು ಕೂಡುತ್ತಿವೆ’, ‘ಇಲ್ಲ’ ಎಂದು ಹೇಳುವುದನ್ನು. ಕಂಪ್ಯೂಟರಿಗೆ ಫೋಟೋ ಅಂದರೆ ಬರೀ ಅಂಕಿಗಳು. ಸಾವಿರಾರು ಫೋಟೋಗಳನ್ನು ಉತ್ತರದ ಸಮೇತ ಕೊಟ್ಟರೆ ಗುರುತುಗಳನ್ನು ತಾನೇ ಹಿಡಿಯುತ್ತದೆ: ಉದ್ದಕ್ಕೆ ಎಳೆದ ಬಾಲ, ನಡುವೆ ಬೆಳಕಿನ ಸೇತುವೆ, ಒಂದರ ಬದಲು ಎರಡು ಹೊಳೆಯುವ ನಡುಭಾಗ.

ಆದರೆ ಆ ಉತ್ತರಗಳನ್ನು ಮೊದಲು ಬರೆದವರು ಯಾರು? ನಮ್ಮ ನಿಮ್ಮಂಥವರೇ. 2007ರಲ್ಲಿ ಶುರುವಾದ ‘ಗ್ಯಾಲಕ್ಸಿ ಝೂ’ ಎಂಬ ಕೆಲಸದಲ್ಲಿ ಸುಮಾರು 9 ಲಕ್ಷ ಗ್ಯಾಲಕ್ಸಿಗಳ ಚಿತ್ರಗಳನ್ನು ಜನಸಾಮಾನ್ಯರೇ ಮನೆಯಲ್ಲಿ ಕೂತು ನೋಡಿ ವಿಂಗಡಿಸಿದರು. ಈಗ ಅಷ್ಟು ಕಣ್ಣುಗಳೂ ಸಾಲವು. ಚಿಲಿ ದೇಶದ ರೂಬಿನ್ ವೀಕ್ಷಣಾಲಯ 10 ವರ್ಷದಲ್ಲಿ ಸುಮಾರು 2000 ಕೋಟಿ ಗ್ಯಾಲಕ್ಸಿಗಳನ್ನು ದಾಖಲಿಸಲಿದೆ. ಯಂತ್ರದ ನೆರವಿಲ್ಲದೆ ಅದು ಆಗುವ ಮಾತಲ್ಲ.

ಹುಡುಗ ಒಂದು ಚಿತ್ರ ತೆರೆದ. ‘ಕೂಡುತ್ತಿವೆ’ ಎಂದು ಯಂತ್ರ ನೂರಕ್ಕೆ ತೊಂಬತ್ತರಷ್ಟು ಭರವಸೆಯಿಂದ ಹೇಳಿತ್ತು. ಅವನು ನಕ್ಕ. “ಅಣ್ಣಾ, ಇದು ತಪ್ಪು. ಒಂದು ಮುಂದೈತಿ, ಇನ್ನೊಂದು ಭಾಳ ಹಿಂದೈತಿ. ನಮ್ಮ ಕಣ್ಣಿಗೆ ಒಂದೇ ಸಾಲಿನ್ಯಾಗ ಬಂದಾವ, ಅಷ್ಟ.”

ನಮಗೆ ಕೆರೆಯ ಫೋಟೋ ಕಣ್ಣ ಮುಂದೆ ಬಂತು.

“ಹಂಗಾರ ಖಾತ್ರಿ ಮಾಡೂದು ಹೆಂಗ?” ಎಂದು ಕೇಳಿದೆವು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುತ್ತಾರಂತೆ. ಅದರಿಂದ ಗ್ಯಾಲಕ್ಸಿ ಯಾವ ವೇಗದಲ್ಲಿ ಸಾಗುತ್ತಿದೆ, ಎಷ್ಟು ದೂರ ಇದೆ ಎನ್ನುವುದರ ಅಂದಾಜು ಸಿಗುತ್ತದೆ. ಅಂದರೆ ಫೋಟೋ ಒಂದೇ ಸಾಲದು, ಎರಡನೇ ಸಾಕ್ಷಿ ಬೇಕು.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜ್ಯೋತಿ ಯಾದವ್, ಮೌಸುಮಿ ದಾಸ್, ಸುಧಾಂಶು ಬರ್ವೆ ಮತ್ತು ಫ್ರಾನ್ಸಿನ ವಿಜ್ಞಾನಿಯೊಬ್ಬರು ಎನ್‌ಜಿಸಿ 7733, ಎನ್‌ಜಿಸಿ 7734 ಎಂಬ ಜೋಡಿಯನ್ನು ನೋಡುತ್ತಿದ್ದರು. ಮೊದಲನೆಯದರ ತೋಳಿನಲ್ಲಿ ಒಂದು ಹೊಳೆಯುವ ಚುಕ್ಕೆ. ಚಿತ್ರದಲ್ಲಿ ಅದು ತೋಳಿನದೇ ಭಾಗ. ಆದರೆ ಚಿಲಿಯ ದೂರದರ್ಶಕದಿಂದ ವೇಗ ಅಳೆದಾಗ ಲೆಕ್ಕ ಕೂಡಲಿಲ್ಲ. ಅದು ಬೇರೆಯೇ, ಮೂರನೇ ಗ್ಯಾಲಕ್ಸಿ! ಮೂರರ ಒಡಲಲ್ಲೂ ಒಂದೊಂದು ದೈತ್ಯ ಕಪ್ಪುಕುಳಿ. 2021ರಲ್ಲಿ ಇದು ಪ್ರಕಟವಾಯಿತು. ಇದನ್ನು ಪತ್ತೆ ಮಾಡಿದ್ದು ಯಂತ್ರವಲ್ಲ, ಅನುಮಾನ ಬಿಡದ ಮನುಷ್ಯರು.

ಯಂತ್ರ ಬೇಡ ಅಂತಲ್ಲ. ಕೋಟಿಗಟ್ಟಲೆ ಚಿತ್ರಗಳಲ್ಲಿ ಯಾವುದನ್ನು ಮೊದಲು ನೋಡಬೇಕು ಎಂದು ಅದು ಬೆರಳು ಮಾಡಿ ತೋರಿಸುತ್ತದೆ. ನಮಗೆ ಬರುವ ವಾಟ್ಸಾಪ್ ಫೋಟೋ ಕೂಡ ಹಾಗೇ. ಅದು ಸುಳಿವು, ಸುದ್ದಿಯಲ್ಲ. ಗ್ಯಾಲಕ್ಸಿ ಇದ್ದಲ್ಲಿಗೆ ಯಾರೂ ಹೋಗಲಾರರು, ಆದರೂ ಎರಡನೇ ಸಾಕ್ಷಿ ಹುಡುಕುತ್ತಾರೆ. ಆ ಕೆರೆಗೆ ಬಸ್ಸಿತ್ತು. ನಾವು ಹೋಗಲಿಲ್ಲ.

ಅದಕ್ಕೇ ಓದುಗರಲ್ಲಿ ಒಂದು ವಿನಂತಿ. ಮಳೆಗಾಲದಲ್ಲಿ ನಮಗೆ ಫೋಟೋ ಕಳಿಸುವಾಗ ಎಲ್ಲಿ ನಿಂತು ತೆಗೆದಿರಿ, ಜೂಮ್ ಮಾಡಿದ್ದೀರಾ ಎಂಬುದನ್ನೂ ಬರೆಯಿರಿ. ಬರೆಯುವ ಮೊದಲು ನಾವು ಬಂದು ನೋಡುತ್ತೇವೆ. ಬರಲಾಗದಿದ್ದರೆ ಆ ಓಣಿಯ ಇಬ್ಬರಿಗಾದರೂ ಫೋನ್ ಮಾಡುತ್ತೇವೆ. ಆ ಅಜ್ಜಿಯ ನಂಬರು ನಮ್ಮ ಫೋನಿನಲ್ಲಿ ಈಗಲೂ ಇದೆ.