ಚಳಿ ಕೇಳುವ ಗಿಡ

ರಾಯಚೂರಿನಲ್ಲಿ ಮುಸ್ಲಿಂ ಗೆಳೆಯರ ಮನೆಯ ಮದುವೆಗೆ ಹೋದರೆ, ಬಿರಿಯಾನಿ, ದಾಲ್ಚಾ ಮುಗಿಯುತ್ತಿದ್ದಂತೆ ಎಲ್ಲರ ಕಣ್ಣು ಮುಂದೆ ಬರುವ ಬಟ್ಟಲಿನ ಮೇಲೆ. ಒಣ ಖುಬಾನಿಯನ್ನು, ಅಂದರೆ ಏಪ್ರಿಕಾಟನ್ನು, ರಾತ್ರಿಯೆಲ್ಲ ನೆನೆಸಿ, ಬೀಜ ಬಿಡಿಸಿ, ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಮೇಲೆ ಕೆನೆ ಹಾಕಿ ಕೊಡುವ ಖುಬಾನಿ ಕಾ ಮೀಠಾ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಜಿಲ್ಲೆ ಈ ಕಡೆ ಬಂತು, ನಾಲಿಗೆಯ ಅರ್ಧ ಅಲ್ಲೇ ಉಳಿಯಿತು. ಬಲ್ಲ ಅಡುಗೆಯವರು ಬೀಜವನ್ನೂ ಬಿಸಾಡುವುದಿಲ್ಲ. ಒಡೆದು, ಒಳಗಿನ ಬಾದಾಮಿಯಂಥ ತಿರುಳನ್ನು ಸಿಹಿಯ ಮೇಲೆ ಉದುರಿಸುತ್ತಾರೆ. ಬಾಬರ ತನ್ನ ಆತ್ಮಕಥೆಯಲ್ಲಿ ಫರ್ಗಾನಾ ಸೀಮೆಯ ಮರ್ಗಿಲಾನದ ಖುಬಾನಿಯನ್ನು ನೆನೆಯುತ್ತಾನೆ. ಅಲ್ಲಿಯವರು ಹಣ್ಣಿನ ಬೀಜ ತೆಗೆದು ಆ ಜಾಗದಲ್ಲಿ ಬಾದಾಮಿ ಇಟ್ಟು ಒಣಗಿಸುತ್ತಿದ್ದರಂತೆ. ದೊರೆಗಳ ಚಪಲ ನಮಗೂ ಅಂಟಿತು ಅನ್ನೋಣ.

ದೇವದುರ್ಗದ ನಮ್ಮ ಕಾಕಾನಿಗೆ ಅಂಟಿದ ಚಪಲ ಮಾತ್ರ ತಿನ್ನುವುದಕ್ಕೆ ನಿಲ್ಲಲಿಲ್ಲ. ಅಂಗಳದಲ್ಲೇ ಬೆಳೆಯಬೇಕೆಂದು ಹೊರಟರು. ಒಣಹಣ್ಣಿನ ಬೀಜವನ್ನು ಒದ್ದೆ ಮರಳಿನಲ್ಲಿ ಹುದುಗಿಸಿ ಫ್ರಿಜ್ಜಿನಲ್ಲಿ ಎರಡು ಮೂರು ತಿಂಗಳು ಇಟ್ಟರೆ ಮೊಳೆಯುತ್ತದೆ ಎಂದು ಮೊಮ್ಮಗ ಮೊಬೈಲು ನೋಡಿ ಹೇಳಿದ. ಕಾಕು ಹಾಲಿನ ಪಾತ್ರೆಯ ಪಕ್ಕ ಮರಳಿನ ಡಬ್ಬಿ ಕಂಡು ರೇಗಿದರು. ಆದರೂ ಬೀಜ ಒಡೆಯಿತು, ಸಸಿ ಮೇಲೆದ್ದಿತು. ಕಾಕಾ ಕೊಟ್ಟಿಗೆ ಗೊಬ್ಬರ ಹಾಕಿದರು, ಬೇಸಿಗೆಗೆ ಗೋಣಿ ಮರೆ ಕಟ್ಟಿದರು. ಗಿಡ ಆಳೆತ್ತರ ದಾಟಿತು.

"ಗಿಡ ಚಲೋ ಬೆಳದದ ನೋಡು ತಮ್ಮಾ. ಹೂವು ಮಾತ್ರ ಒಂದೂ ಬಿಡವಲ್ದು" ಎಂದರು ಒಮ್ಮೆ.

"ಕಾಕಾ, ಅದಕ್ಕ ಚಳಿ ಸಾಲವಲ್ದು."

"ಚಳಿ? ರಾಯಚೂರು ಜಿಲ್ಲಾದಾಗ?" ಎಂದು ನಕ್ಕುಬಿಟ್ಟರು.

ನಗುವಂಥದ್ದೇ. ಆದರೆ ಖುಬಾನಿಯ ಜೀವ ಇರುವುದೇ ಆ ಲೆಕ್ಕದಲ್ಲಿ. ಮರವು ಬರುವ ವರ್ಷದ ಹೂಮೊಗ್ಗನ್ನು ಬೇಸಿಗೆಯಲ್ಲೇ ಕಟ್ಟಿಟ್ಟುಕೊಂಡು, ಆಮೇಲೆ ಎಲೆ ಉದುರಿಸಿ ಮಲಗುತ್ತದೆ. ನಡುವೆ ಎರಡು ದಿನ ಬಿಸಿಲು ಕಾಯಿತೆಂದು ಎದ್ದು ಹೂಬಿಟ್ಟರೆ ಮುಂದಿನ ಹಿಮಕ್ಕೆ ಹೂವೆಲ್ಲ ಕರಕಲಾಗುತ್ತದೆ. ಆದ್ದರಿಂದ ಸುಮಾರು ಏಳು ಡಿಗ್ರಿಗಿಂತ ಕೆಳಗಿನ ಚಳಿಯ ಗಂಟೆಗಳನ್ನು ಒಂದೊಂದಾಗಿ ಎಣಿಸುತ್ತದೆ. ತಳಿಗೆ ತಕ್ಕಂತೆ 300ರಿಂದ 900 ಗಂಟೆ. ಆ ಲೆಕ್ಕ ತುಂಬುವವರೆಗೆ ಯಾವ ವಸಂತವನ್ನೂ ಅದು ನಂಬುವುದಿಲ್ಲ. ಲಡಾಖಿನಲ್ಲಿ, ಕಾರ್ಗಿಲಿನಲ್ಲಿ ಆ ಲೆಕ್ಕ ತುಂಬಿ ಹರಿಯುತ್ತದೆ. ಅಲ್ಲಿ ಬೇಸಿಗೆ ಬಂತೆಂದರೆ ನಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿದಂತೆ ಮನೆಮನೆಯ ಮೇಲೆ ಖುಬಾನಿ ಹರವಿರುತ್ತಾರೆ. ನಮ್ಮಲ್ಲೋ, ಬೇಸಿಗೆ ನಲವತ್ತು ದಾಟುತ್ತದೆ, ಡಿಸೆಂಬರ್ ರಾತ್ರಿಯೂ ಹದಿನೈದರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪಾಪ, ಗಿಡಕ್ಕೆ ಸರಿಯಾಗಿ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ.

ಕಾಕಾ ಸೋಲುವವರಲ್ಲ. "ಸೇಬು ಬರ್ತದಂತಲ್ಲ?" ಎಂದರು. ನಿಜ. ಹಿಮಾಚಲದ ಬಿಲಾಸಪುರದ ರೈತ ಹರಿಮನ್ ಶರ್ಮಾ ಬಿಸಿಲು ತಡೆಯುವ ಸೇಬು ಕಂಡುಹಿಡಿದರು. ಅದಕ್ಕಾಗಿ 2025ರಲ್ಲಿ ಪದ್ಮಶ್ರೀಯೂ ಬಂತು. ಕರ್ನಾಟಕದ ರೈತರೂ ಆ ಸಸಿ ಹಚ್ಚಿದ್ದಾರೆ. ಆದರೆ ಸೇಬಿಗೆ ಅಂಥ ತಳಿ ಸಿಕ್ಕಿತೆಂದು ಖುಬಾನಿಗೂ ಸಿಕ್ಕಂತಾಗಲಿಲ್ಲ. 'ಎಲ್ಲ ಹವೆಗೂ ಒಗ್ಗುತ್ತದೆ' ಎಂದು ಬಣ್ಣದ ಚಿತ್ರ ತೋರಿಸಿ ಸಸಿ ಮಾರುವವರನ್ನು ಒಂದೇ ಮಾತು ಕೇಳಬೇಕು: ಇದಕ್ಕೆ ಎಷ್ಟು ಗಂಟೆ ಚಳಿ ಬೇಕ್ರಿ? ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಮಾನ್ವಿಯ ಕಡೆಯ ಬೀಗರೊಬ್ಬರಿಗೂ ಈ ಹುಚ್ಚು ಹತ್ತುವುದರಲ್ಲಿತ್ತು. ಅಲ್ಲಿ ಇನ್ನೊಂದು ತೊಡಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಎರೆಭೂಮಿ ಅದು. ಭತ್ತಕ್ಕೆ ಹಬ್ಬ, ಖುಬಾನಿಯ ಬೇರಿಗೆ ಕೊಳೆ. ನೀರು ಬಸಿದು ಹೋಗದ ನೆಲದಲ್ಲಿ ಅದು ಬಾಳುವುದಿಲ್ಲ.

ನನಗೆ ಬೇಸರ ಹಣ್ಣು ಬರದ್ದಕ್ಕಲ್ಲ. ಗುಡ್ಡದ ಕಲ್ಲುಸಂದಿಯಲ್ಲಿ ಯಾರೂ ನೀರೆರೆಯದೆ ಬೆಳೆಯುವ ಸೀತಾಫಲಕ್ಕೆ, ಬಾರೆಹಣ್ಣಿಗೆ ನಮ್ಮ ಹೊಸ ಮನೆಗಳ ಅಂಗಳದಲ್ಲಿ ಜಾಗ ಕೊಡುವವರಿಲ್ಲ ಎಂಬುದಕ್ಕೆ. ಬಾರೆಗೆ ಮುಳ್ಳಂತೆ, ಸೀತಾಫಲ ಹಳ್ಳಿಯದಂತೆ. ಒಣಹಣ್ಣಿನದೇ ಆಸೆ ಎಂದರೆ ಅಂಜೂರವಿದೆ. ಬಿಸಿಲು ಸಹಿಸುತ್ತದೆ, ಕಡ್ಡಿ ಊರಿದರೆ ಚಿಗುರುತ್ತದೆ, ಬೇಗ ಕಾಯಿ ಕೊಡುತ್ತದೆ.

ಅಂಗಳದಲ್ಲಿ ಒಂದೇ ಗುಂಡಿಗೆ ಜಾಗವಿದ್ದವರು ಅಂಜೂರ ಹಚ್ಚಿರಿ. ಖುಬಾನಿಯೇ ಬೇಕೆಂದರೆ ನೆರಳಿಗೆಂದು ಹಚ್ಚಿ, ಹಣ್ಣನ್ನು ಅಂಗಡಿಯಿಂದ ತನ್ನಿರಿ. ಬೀಜ ಒಡೆದಾಗ ತಿರುಳು ಕಹಿ ಇದ್ದರೆ ಮಕ್ಕಳ ಕೈಗೆ ಕೊಡಬೇಡಿ. ಆ ಕಹಿ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ.